ಅಮೆರಿಕದ ಸೇನಾ ನೆಲೆಗಳಲ್ಲಿ ತುರ್ತು ಕರೆ ಡಿಸ್ಪ್ಯಾಚರ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸೇನಾ ನೆಲೆಯ ಡಿಸ್ಪ್ಯಾಚರ್ ಮಾಡುವ ಕೆಲಸವೇನು?

ಅಮೆರಿಕದ ದೊಡ್ಡ ಸೇನಾ ನೆಲೆ (ಬೇಸ್) ಒಂದರಲ್ಲಿ ಮನೆಗಳು, ಶಾಲೆ, ಆಸ್ಪತ್ರೆ, ಅಂಗಡಿ, ಪೆಟ್ರೋಲ್ ಬಂಕ್ ಎಲ್ಲವೂ ಇರುತ್ತವೆ. ಅವುಗಳ ಜೊತೆಗೇ ರನ್‌ವೇ, ವಿಮಾನ ಇಂಧನದ ಟ್ಯಾಂಕ್‌ಗಳು ಮತ್ತು ಮದ್ದುಗುಂಡಿನ ಉಗ್ರಾಣವೂ ಇರುತ್ತವೆ. ಒಳಗೆ ಏನೇ ಅನಾಹುತವಾದರೂ ಮೊದಲು ಫೋನ್ ಎತ್ತುವವರು ತುರ್ತು ಸಂವಹನ ಕೇಂದ್ರದ ಡಿಸ್ಪ್ಯಾಚರ್. ಅಗ್ನಿಶಾಮಕ ದಳ, ಆಂಬುಲೆನ್ಸ್, ಬೇಸ್ ಪೊಲೀಸ್ ಈ ಮೂವರನ್ನೂ ಹೊರಡಿಸುವುದು, ಅವರ ರೇಡಿಯೊ ನೋಡಿಕೊಳ್ಳುವುದು, ಕಟ್ಟಡಗಳ ಫೈರ್ ಅಲಾರಂಗಳ ಮೇಲೆ ಕಣ್ಣಿಡುವುದು, ಇಡೀ ಬೇಸ್‌ಗೆ ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಡುವುದು ಎಲ್ಲವೂ ಅದೇ ಮೇಜಿನಿಂದ ನಡೆಯುತ್ತದೆ. ಕೆಲವು ಕಡೆ ಪೊಲೀಸ್ ಮತ್ತು ಫೈರ್ ಮೇಜುಗಳು ಬೇರೆ ಬೇರೆ, ಕೆಲವು ಕಡೆ ಒಂದೇ ಕೋಣೆಯಲ್ಲಿ. ಕೂರುವವರಲ್ಲಿ ಹೆಚ್ಚಿನವರು ಸಮವಸ್ತ್ರವಿಲ್ಲದ ನಾಗರಿಕ ನೌಕರರು.

ಬೇಸ್ ಒಳಗಿಂದ 911 ಒತ್ತಿದರೆ ಕರೆ ಎಲ್ಲಿಗೆ ಹೋಗುತ್ತದೆ?

911 ಅಮೆರಿಕದ ತುರ್ತು ಕರೆಯ ನಂಬರ್. ಈ ಕೆಲಸದ ಅರ್ಧ ಕಷ್ಟ ಇರುವುದೇ ಇಲ್ಲಿ. ಬೇಸ್‌ನ ಲ್ಯಾಂಡ್‌ಲೈನ್‌ನಿಂದ ಮಾಡಿದ ಕರೆ ಬೇಸ್‌ನ ಕೇಂದ್ರಕ್ಕೆ ಬರುತ್ತದೆ. ಮೊಬೈಲ್‌ನಿಂದ ಮಾಡಿದರೆ ಯಾವ ಟವರ್‌ನ ಯಾವ ಮಗ್ಗುಲು ಅದನ್ನು ಹಿಡಿಯಿತು ಎನ್ನುವುದರ ಮೇಲೆ ಹೋಗುತ್ತದೆ. ಬೇಲಿಯ ಅಂಚಿನಲ್ಲಿ ನಿಂತವರ ಕರೆ ಪಕ್ಕದ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) 911 ಕೇಂದ್ರಕ್ಕೆ ಹೋಗುವುದು ಮಾಮೂಲು. ಬೇಲಿಯಾಚೆ ಹೆದ್ದಾರಿಯಲ್ಲಿ ಅಪಘಾತ ಕಂಡವರ ಕರೆ ಬೇಸ್‌ಗೆ ಬರುವುದೂ ಉಂಟು. ಆಗ ಕರೆಯನ್ನು ವರ್ಗಾಯಿಸಬೇಕು. ವರ್ಗಾಯಿಸುವಾಗ ಲೈನ್ ಬಿಡಬಾರದು. ಆ ಕಡೆಯವರು ಎತ್ತಿ, ಕರೆ ಮಾಡಿದವರ ದನಿ ಕೇಳಿ, "ಸರಿ, ನಮಗೆ ಸಿಕ್ಕಿತು" ಎಂದ ಮೇಲೆಯೇ ನೀವು ಹೊರಬರಬೇಕು. ಅದಕ್ಕೂ ಮೊದಲು ಜಾಗ ಮತ್ತು ಕರೆ ಮಾಡಿದವರ ನಂಬರ್ ಬರೆದಿಟ್ಟುಕೊಳ್ಳಬೇಕು. ವರ್ಗಾವಣೆಯ ನಡುವೆ ಲೈನ್ ಕಡಿದರೆ ಕೈಯಲ್ಲಿ ಉಳಿಯುವುದು ಅಷ್ಟೇ.

ಲ್ಯಾಂಡ್‌ಲೈನ್ ಕರೆಯ ಜೊತೆಗೆ ನಂಬರ್ ಮತ್ತು ವಿಳಾಸ ತಾನಾಗಿಯೇ ಪರದೆಗೆ ಬರುವ ವ್ಯವಸ್ಥೆಗೆ ಸುಧಾರಿತ 911 ಎನ್ನುತ್ತಾರೆ. ಟೆಕ್ಸಾಸ್‌ನ ಫೋರ್ಟ್ ಹುಡ್‌ನಲ್ಲಿ 2009ರ ನವೆಂಬರ್ 5ರಂದು ನಡೆದ ಗುಂಡಿನ ದಾಳಿಯಲ್ಲಿ 13 ಜನ ಸತ್ತರು. ಆ ಬಳಿಕ ರಕ್ಷಣಾ ಇಲಾಖೆ ಮಾಡಿಸಿದ ಪರಾಮರ್ಶೆಯ ವರದಿ 2010ರ ಜನವರಿಯಲ್ಲಿ ಬಂತು. ಬೇಸ್‌ಗಳಲ್ಲಿ ಸುಧಾರಿತ 911 ಇಲ್ಲದಿರುವುದನ್ನು ಅದು ಕೊರತೆಯೆಂದು ಗುರುತಿಸಿ, ಅದನ್ನು ತರಬೇಕೆಂದು ಶಿಫಾರಸು ಮಾಡಿತು. ಈ ವ್ಯವಸ್ಥೆ ಇರುವಲ್ಲೂ ಪರದೆಯ ವಿಳಾಸವನ್ನು ಕಣ್ಣುಮುಚ್ಚಿ ನಂಬಬಾರದು. ಕಚೇರಿ ಬದಲಾಯಿಸುವಾಗ ಫೋನನ್ನೂ ಜೊತೆಗೆ ಒಯ್ದು, ಟೆಲಿಫೋನ್ ವಿಭಾಗಕ್ಕೆ ತಿಳಿಸದೆ ಇದ್ದರೆ ಹಳೆಯ ಕಟ್ಟಡದ ಸಂಖ್ಯೆಯೇ ಪರದೆಗೆ ಬರುತ್ತದೆ. ಆದ್ದರಿಂದ ಪರದೆಯಲ್ಲಿದ್ದದ್ದನ್ನು ಓದಿ "ಸರಿಯಾ?" ಎಂದು ಕೇಳಬೇಡಿ. ಗಾಬರಿಯಲ್ಲಿರುವವರು ಎಲ್ಲದಕ್ಕೂ "ಹೌದು" ಎನ್ನುತ್ತಾರೆ. "ನೀವು ಎಲ್ಲಿದ್ದೀರಿ?" ಎಂದು ಕೇಳಿ, ಅವರ ಬಾಯಿಂದ ಬಂದದ್ದನ್ನು ಪರದೆಯ ಜೊತೆ ಹೋಲಿಸಿ ನೋಡಿ.

ಫೋನ್ ಎತ್ತಿದ ಮೇಲೆ ಮೊದಲ ನಿಮಿಷದಲ್ಲಿ ಏನೇನು ಆಗಬೇಕು?

ಬರುವ ಕರೆಗಳಲ್ಲಿ ನೂರಕ್ಕೆ 90ನ್ನು 15 ಸೆಕೆಂಡಿನೊಳಗೆ, 95ನ್ನು 20 ಸೆಕೆಂಡಿನೊಳಗೆ ಎತ್ತಬೇಕು ಎನ್ನುವುದು ಅಮೆರಿಕದ 911 ಕೇಂದ್ರಗಳು ಇಟ್ಟುಕೊಂಡ ಅಳತೆ. ಕೇಳುವ ಕ್ರಮ ಹೀಗೆ: ಎಲ್ಲಿ, ಏನಾಗಿದೆ, ಯಾವ ನಂಬರ್‌ನಿಂದ ಮಾತಾಡುತ್ತಿದ್ದೀರಿ, ಆಮೇಲೆ ಹೆಸರು. ಜಾಗ ಮತ್ತು ಏನಾಗಿದೆ ಎನ್ನುವುದು ಗೊತ್ತಾದ ಕೂಡಲೇ ಗಾಡಿ ಹೊರಡಬೇಕು. ಉಳಿದ ಪ್ರಶ್ನೆಗಳನ್ನು ಗಾಡಿ ರಸ್ತೆಯಲ್ಲಿರುವಾಗ ಕೇಳಿ ರೇಡಿಯೊದಲ್ಲಿ ಸೇರಿಸುತ್ತ ಹೋಗಬಹುದು. ಎಲ್ಲ ವಿವರ ಸಿಕ್ಕ ಮೇಲೆ ಕಳುಹಿಸೋಣ ಎಂದು ಕಾಯುವುದು ಹೊಸಬರ ದೊಡ್ಡ ತಪ್ಪು.

ಈ ಅವಸರಕ್ಕೆ ಒಂದು ಲೆಕ್ಕವಿದೆ. ಕಟ್ಟಡದ ಬೆಂಕಿಗೆ ಮೊದಲ ಗಾಡಿ ಒಟ್ಟು 7 ನಿಮಿಷದೊಳಗೆ ತಲುಪಬೇಕು ಎಂದು ರಕ್ಷಣಾ ಇಲಾಖೆಯ 2006ರ ಅಗ್ನಿಶಾಮಕ ನಿಯಮ ಹೇಳಿತು. ಅದರಲ್ಲಿ ಡಿಸ್ಪ್ಯಾಚರ್ ಪಾಲಿಗೆ 1 ನಿಮಿಷ, ಸಿಬ್ಬಂದಿ ಸಜ್ಜಾಗಲು 1 ನಿಮಿಷ, ದಾರಿಗೆ 5 ನಿಮಿಷ. ನೀವು ಇಲ್ಲಿ ಕಳೆದ ಅರ್ಧ ನಿಮಿಷವನ್ನು ಚಾಲಕ ರಸ್ತೆಯಲ್ಲಿ ಗಳಿಸಿಕೊಡಲಾರ.

ಕಟ್ಟಡ ಸಂಖ್ಯೆಗೆ ಇಷ್ಟೊಂದು ಮಹತ್ವ ಏಕೆ?

ಬೇಸ್‌ನಲ್ಲಿ ಜನ ಜಾಗವನ್ನು ಹೇಳುವುದೇ ಕಟ್ಟಡದ ಸಂಖ್ಯೆಯಿಂದ. ಆ ಸಂಖ್ಯೆಗಳು ಕಟ್ಟಿದ ಕ್ರಮದಲ್ಲಿ ಬಂದಿರಬಹುದು, ಅಕ್ಕಪಕ್ಕದಲ್ಲೇ ಇರಬೇಕೆಂದೇನೂ ಇಲ್ಲ. 1245 ಮತ್ತು 1254 ಬೇಸ್‌ನ ಎರಡು ತುದಿಗಳಲ್ಲಿ ಇರಬಹುದು. ಆದ್ದರಿಂದ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ, ಮರಳಿ ಹೇಳಿಸಿಕೊಂಡು, ಜೊತೆಗೆ ಒಂದು ಗುರುತನ್ನೂ ಕೇಳಬೇಕು: ಯಾವ ಘಟಕ, ಯಾವ ರಸ್ತೆ, ಎದುರಿಗೆ ಏನಿದೆ. ಬೇಸ್‌ನ ರಸ್ತೆಯ ಹೆಸರೇ ಪಕ್ಕದ ಊರಿನಲ್ಲೂ ಇದ್ದರೆ "ಗೇಟ್ ಒಳಗೋ ಹೊರಗೋ?" ಎಂಬ ಪ್ರಶ್ನೆ ಮೊದಲು ಬರಬೇಕು.

ಹೊರಗಿನವರಿಗೆ ಈ ಸಂಖ್ಯೆಗಳಿಂದ ಏನೂ ತಿಳಿಯುವುದಿಲ್ಲ. 2013ರ ಸೆಪ್ಟೆಂಬರ್ 16ರಂದು ವಾಷಿಂಗ್ಟನ್ ನೇವಿ ಯಾರ್ಡ್‌ನಲ್ಲಿ 12 ಜನರ ಕೊಲೆಯಾದದ್ದು 197ನೇ ಕಟ್ಟಡದಲ್ಲಿ. ಇಂಥ ಸಂದರ್ಭದಲ್ಲಿ ನಗರದಿಂದ ಓಡಿಬರುವ ಪೊಲೀಸರಿಗೆ ಬರೀ "197" ಎಂದರೆ ದಾರಿ ಸಿಗದು. ಯಾವ ಗೇಟ್, ಗೇಟಿನಿಂದ ಯಾವ ಕಡೆ ತಿರುವು, ಎಷ್ಟು ಮಹಡಿ, ಯಾವ ಬಣ್ಣದ ಗೋಡೆ ಎಂದು ಹೇಳಲು ನಿಮಗೆ ಬರಬೇಕು. ಬಿಡುವಿನ ಹೊತ್ತಿನಲ್ಲಿ ಬೇಸ್ ಸುತ್ತಿ ಕಟ್ಟಡಗಳನ್ನು ಕಣ್ಣಾರೆ ನೋಡಿ ಬಂದ ಡಿಸ್ಪ್ಯಾಚರ್‌ಗೂ ಬರೀ ನಕ್ಷೆ ನೋಡಿದವರಿಗೂ ಇಂಥ ದಿನ ವ್ಯತ್ಯಾಸ ಕಾಣುತ್ತದೆ.

ಹೊರಗಿನ ಆಂಬುಲೆನ್ಸ್ ಒಳಗೆ ಬರಬೇಕಾದರೆ?

ಎಲ್ಲ ಬೇಸ್‌ಗೂ ಸ್ವಂತ ಆಂಬುಲೆನ್ಸ್ ಇರುವುದಿಲ್ಲ. ಕೌಂಟಿಯ ಜೊತೆ ಪರಸ್ಪರ ನೆರವಿನ ಒಪ್ಪಂದ ಇರುತ್ತದೆ. ಗಾಡಿ ಕರೆಸುವುದರ ಜೊತೆಗೆ ಮೂರು ಕೆಲಸ ಆಗಬೇಕು. ಈ ಹೊತ್ತಿನಲ್ಲಿ ತೆರೆದಿರುವ ಗೇಟ್ ಯಾವುದೆಂದು ಕೌಂಟಿಗೆ ಹೇಳಬೇಕು, ಏಕೆಂದರೆ ಕೆಲವು ಗೇಟ್‌ಗಳು ಸಂಜೆಗೆ ಮುಚ್ಚುತ್ತವೆ. ಗುರುತಿನ ಚೀಟಿ ತಪಾಸಣೆಗೆ ಗಾಡಿ ನಿಲ್ಲದಂತೆ ಗೇಟಿನ ಕಾವಲಿನವರಿಗೆ ತಿಳಿಸಬೇಕು. ದಾರಿ ತೋರಿಸಲು ಒಂದು ಪೊಲೀಸ್ ಗಾಡಿಯನ್ನು ಗೇಟಿನಲ್ಲಿ ನಿಲ್ಲಿಸಬೇಕು. ಎರಡನೆಯದನ್ನು ಮರೆತರೆ ಹೃದಯಾಘಾತದ ರೋಗಿಗೆ ಬಂದ ಆಂಬುಲೆನ್ಸ್ ಬೆಳಗಿನ ಡ್ಯೂಟಿಗೆ ಬರುವ ಕಾರುಗಳ ಸಾಲಿನಲ್ಲಿ ನಿಂತಿರುತ್ತದೆ.

ರಹಸ್ಯ ದಾಖಲೆಗಳಿರುವ ಕೋಣೆಯೊಳಗೆ ಯಾರಾದರೂ ಕುಸಿದು ಬಿದ್ದರೂ ಜೀವ ಉಳಿಸುವವರನ್ನು ಬಾಗಿಲಲ್ಲಿ ತಡೆಯುವಂತಿಲ್ಲ. ದಾಖಲೆ ಮುಚ್ಚುವುದು, ಒಳಗೆ ಬಂದವರಿಂದ ಆಮೇಲೆ ಸಹಿ ಪಡೆಯುವುದು ಆ ಕೋಣೆಯ ಭದ್ರತೆಯವರ ಹೊಣೆ.

ಫೋನಿನಲ್ಲೇ ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವ ಪ್ರಥಮ ಚಿಕಿತ್ಸೆ) ಹೇಳಿಕೊಡಬೇಕೇ?

ಹೌದು. ತುರ್ತು ವೈದ್ಯಕೀಯ ಡಿಸ್ಪ್ಯಾಚ್ ತರಬೇತಿ ಇರುವುದೇ ಇದಕ್ಕಾಗಿ. ಕೇಳಬೇಕಾದದ್ದು ಎರಡೇ: ಎಚ್ಚರ ಇದ್ದಾರಾ? ಉಸಿರಾಟ ಮಾಮೂಲಿನಂತಿದೆಯಾ? ಎರಡಕ್ಕೂ "ಇಲ್ಲ" ಎಂದರೆ ಎದೆ ಒತ್ತಲು ಶುರು. ವಿಳಾಸ ಸಿಕ್ಕ 90 ಸೆಕೆಂಡಿನೊಳಗೆ ಮೊದಲ ಒತ್ತು ಬೀಳಬೇಕು ಎನ್ನುವುದು ಗುರಿ.

ಹೆಚ್ಚು ತಪ್ಪಾಗುವುದು ಎರಡನೇ ಪ್ರಶ್ನೆಯಲ್ಲಿ. ಹೃದಯ ನಿಂತ ಮೇಲೂ ಕೆಲವು ನಿಮಿಷ ಬಾಯಿ ತೆರೆದು ಗೊರಗೊರ ಎಂದು ಆಗೊಮ್ಮೆ ಈಗೊಮ್ಮೆ ಗಾಳಿ ಎಳೆಯುವುದು ಇರುತ್ತದೆ. ಮನೆಯವರು ಅದನ್ನು ಕಂಡು "ಉಸಿರಾಡ್ತಿದ್ದಾರೆ" ಎನ್ನುತ್ತಾರೆ. ಅನುಮಾನ ಬಂದರೆ ಪ್ರತಿ ಉಸಿರಿಗೂ "ಈಗ" ಎನ್ನಲು ಹೇಳಿ. ಎರಡು "ಈಗ"ಗಳ ನಡುವಿನ ಅಂತರ ನಿಮಗೇ ಉತ್ತರ ಕೊಡುತ್ತದೆ. ಆಮೇಲೆ ಹೇಳಬೇಕಾದದ್ದು: ಹಾಸಿಗೆಯಿಂದ ಇಳಿಸಿ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಚದೆ ಕನಿಷ್ಠ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ. ಫೋನನ್ನು ಸ್ಪೀಕರ್‌ಗೆ ಹಾಕಿಸಿ, ನೀವೇ ಗಟ್ಟಿಯಾಗಿ ಎಣಿಸುತ್ತ ಇರಿ. ಒತ್ತುವವರು ಎರಡು ನಿಮಿಷಕ್ಕೆ ದಣಿಯುತ್ತಾರೆ, ಇನ್ನೊಬ್ಬರಿದ್ದರೆ ಕೈ ಬದಲಿಸಲು ಹೇಳಿ. ಹತ್ತಿರದ ಎಇಡಿ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಯಾವ ಕಟ್ಟಡದಲ್ಲಿದೆ ಎಂಬ ಪಟ್ಟಿ ಮೇಜಿನ ಮೇಲೇ ಇರಲಿ.

ಕ್ರ್ಯಾಶ್ ಫೋನ್ ಎಂದರೇನು?

ವಾಯುನೆಲೆಯ ಡಿಸ್ಪ್ಯಾಚರ್‌ಗೆ ಊರಿನ 911 ಕೇಂದ್ರದಲ್ಲಿ ಸಾಮಾನ್ಯವಾಗಿ ಸಿಗದ ಕೆಲಸ ಇದು. ವಿಮಾನ ನಿಯಂತ್ರಣ ಗೋಪುರದಲ್ಲಿ ಒಂದು ಹ್ಯಾಂಡ್‌ಸೆಟ್ ಎತ್ತಿದರೆ ಅಗ್ನಿಶಾಮಕ ಕೇಂದ್ರ, ವೈದ್ಯಕೀಯ ವಿಭಾಗ, ಕಮಾಂಡ್ ಪೋಸ್ಟ್ ಮೊದಲಾದ ಕಡೆ ಒಟ್ಟಿಗೇ ಗಂಟೆ ಬಾರಿಸುತ್ತದೆ. ಗೋಪುರದವರು ಒಂದೇ ಸಲ, ವೇಗವಾಗಿ ಹೇಳುತ್ತಾರೆ. ಅದಕ್ಕಾಗಿಯೇ ಖಾನೆಗಳಿರುವ ಹಾಳೆ ಕೈಯಡಿ ಸಿದ್ಧವಿರಬೇಕು: ವಿಮಾನದ ಜಾತಿ ಮತ್ತು ಕರೆಹೆಸರು, ತೊಂದರೆ ಏನು, ಒಳಗೆ ಎಷ್ಟು ಜನ, ಇಂಧನ ಎಷ್ಟು ಉಳಿದಿದೆ, ಆಯುಧ ಅಥವಾ ಅಪಾಯಕಾರಿ ಸರಕು ಇದೆಯೇ, ಯಾವ ರನ್‌ವೇ, ಎಷ್ಟು ನಿಮಿಷದಲ್ಲಿ ಇಳಿಯುತ್ತದೆ, ಗಾಳಿ ಯಾವ ಕಡೆಯಿಂದ. ಒಂದು ಖಾನೆ ಖಾಲಿ ಉಳಿದರೆ ಅದನ್ನಷ್ಟೇ ಕೇಳಿ. ಎಲ್ಲವನ್ನೂ ಮತ್ತೆ ಹೇಳಿಸಬೇಡಿ.

ಇಂಧನದ ಲೆಕ್ಕ ಪೌಂಡ್‌ಗಳಲ್ಲಿ ಬರುತ್ತದೆ, ಇಲ್ಲವೇ ಇನ್ನೆಷ್ಟು ಹೊತ್ತು ಹಾರಬಹುದು ಎಂದು. ಜೆಟ್ ಇಂಧನ ಗ್ಯಾಲನ್‌ಗೆ ಸುಮಾರು 6.7 ಪೌಂಡ್ ತೂಗುತ್ತದೆ. 6,000 ಪೌಂಡ್ ಎಂದರೆ ಸುಮಾರು 900 ಗ್ಯಾಲನ್, ನಮ್ಮ ಲೆಕ್ಕದಲ್ಲಿ 3,400 ಲೀಟರ್. ಬೆಂಕಿ ಆರಿಸುವ ನೊರೆ ಎಷ್ಟು, ಗಾಡಿ ಎಷ್ಟು ಬೇಕೆಂದು ಮುಖ್ಯಸ್ಥರು ಇದರ ಮೇಲೆ ನಿರ್ಧರಿಸುತ್ತಾರೆ.

ಗಾಳಿಯ ದಿಕ್ಕನ್ನು ಬಿಟ್ಟರೆ ಏನಾಗಬಹುದು ಎನ್ನುವುದಕ್ಕೆ ಎಫ್-16 ಯುದ್ಧವಿಮಾನ ಒಳ್ಳೆಯ ಉದಾಹರಣೆ. ಅದರ ತುರ್ತು ವಿದ್ಯುತ್ ಘಟಕದಲ್ಲಿ ಹೈಡ್ರಜಿನ್ ಇರುತ್ತದೆ: 70 ಪಾಲು ಹೈಡ್ರಜಿನ್, 30 ಪಾಲು ನೀರು. ಉಸಿರಿಗೂ ಚರ್ಮಕ್ಕೂ ವಿಷ. ಎಂಜಿನ್ ಕೆಟ್ಟು ಆ ಘಟಕ ಚಾಲೂ ಆಗಿದ್ದರೆ ಸಿಬ್ಬಂದಿ ಗಾಳಿ ಬರುವ ಕಡೆಯಿಂದಲೇ ವಿಮಾನದ ಹತ್ತಿರ ಹೋಗಬೇಕು. ಬ್ರೇಕ್ ಕಾದ ವಿಮಾನಕ್ಕೆ ಬೇರೆ ನಿಯಮ. ಚಕ್ರ ಸಿಡಿದರೆ ಚೂರುಗಳು ಪಕ್ಕಕ್ಕೆ ಹಾರುವುದರಿಂದ ಮುಂದಿನಿಂದ ಅಥವಾ ಹಿಂದಿನಿಂದ ಹೋಗಬೇಕು, ಅಚ್ಚಿನ ಪಕ್ಕದಿಂದ ಅಲ್ಲ. ಇದು ಸಿಬ್ಬಂದಿಗೆ ಗೊತ್ತೇ ಇರುತ್ತದೆ. ಆದರೆ ತೊಂದರೆ "ಕಾದ ಬ್ರೇಕ್" ಎನ್ನುವುದು ಅವರಿಗೆ ನಿಮ್ಮಿಂದಲೇ ತಿಳಿಯಬೇಕು.

ಜಾಗ ಹೇಳಲು ಚೌಕಳಿ ನಕ್ಷೆ ಬಳಸುತ್ತಾರೆ. ಹೊಸ ಆವೃತ್ತಿ ಬಂದಾಗ ಗೋಪುರ, ಫೈರ್ ಗಾಡಿಗಳು, ಆಂಬುಲೆನ್ಸ್, ನಿಮ್ಮ ಮೇಜು ಎಲ್ಲ ಕಡೆ ಒಂದೇ ದಿನ ಬದಲಾಗಬೇಕು. ಒಂದು ಗಾಡಿಯಲ್ಲಿ ಹಳೆಯದು ಉಳಿದರೂ ಅದೇ ಚೌಕ ಬೇರೆ ಜಾಗವನ್ನು ತೋರಿಸುತ್ತದೆ. ಕ್ರ್ಯಾಶ್ ಫೋನನ್ನು ದಿನವೂ ಗೊತ್ತಾದ ಹೊತ್ತಿಗೆ ಪರೀಕ್ಷಿಸುತ್ತಾರೆ. ಯಾರ ದನಿ ಬರಲಿಲ್ಲವೋ ಅವರಿಗೆ ಕೂಡಲೇ ಬೇರೆ ಲೈನಿನಲ್ಲಿ ತಿಳಿಸಿ, ದಾಖಲೆ ಪುಸ್ತಕದಲ್ಲಿ ಬರೆಯಬೇಕು.

ಮದ್ದುಗುಂಡಿನ ಉಗ್ರಾಣಕ್ಕೆ ಬೆಂಕಿ ಬಿದ್ದರೆ?

ಉಗ್ರಾಣಗಳ ಹೊರಗೆ 1ರಿಂದ 4ರವರೆಗಿನ ಅಂಕಿಯ ಫಲಕ ಇರುತ್ತದೆ. 1 ಎಂಟು ಮೂಲೆಯದು, 2 ಎಕ್ಸ್ (X) ಆಕಾರದ್ದು, 3 ತಲೆಕೆಳಗಾದ ತ್ರಿಕೋನ, 4 ವಜ್ರಾಕಾರ. ಅಂಕಿ ಚಿಕ್ಕದಾದಷ್ಟೂ ಅಪಾಯ ಹೆಚ್ಚು. 1 ಎಂದರೆ ಎಲ್ಲವೂ ಒಟ್ಟಿಗೇ ಸ್ಫೋಟಿಸಬಲ್ಲದು, ಬೆಂಕಿ ಸ್ಫೋಟಕಕ್ಕೆ ತಗುಲಿದ್ದರೆ ಆರಿಸಲು ಹೋಗುವಂತಿಲ್ಲ. ಒಳಗಿರುವ ಪ್ರಮಾಣ ಗೊತ್ತಿಲ್ಲದಿದ್ದರೆ 4,000 ಅಡಿ, ಅಂದರೆ ಸುಮಾರು 1,200 ಮೀಟರ್ ಹಿಂದಕ್ಕೆ ಸರಿಯಬೇಕು. 3ಕ್ಕೆ 600 ಅಡಿ, 4ಕ್ಕೆ 300 ಅಡಿ. ಒಳಗಿನ ಸರಕು ಬದಲಾಗಿ ಫಲಕ ಬದಲಾದಾಗ ಉಗ್ರಾಣದವರು ಅಗ್ನಿಶಾಮಕ ಕೇಂದ್ರಕ್ಕೆ ತಿಳಿಸಲೇಬೇಕು. ಆ ಕರೆ ಬಂದ ಗಳಿಗೆಯಲ್ಲೇ ಗೋಡೆಯ ಪಟ್ಟಿ ತಿದ್ದಿ. ಗಾಡಿ ಹೊರಡಿಸುವಾಗ ಫಲಕದ ಅಂಕಿಯನ್ನು ಮೊದಲ ಸಂದೇಶದಲ್ಲೇ ಹೇಳಬೇಕು, ಗಾಡಿ ಹತ್ತಿರ ಹೋದ ಮೇಲೆ ಹೇಳಿ ಪ್ರಯೋಜನವಿಲ್ಲ.

ಬಾಂಬ್ ಬೆದರಿಕೆಯ ಕರೆ ಬಂದರೆ?

ಮಾತು ಬೆಳೆಸಿ, ಹೇಳಿದ್ದನ್ನು ಪದಕ್ಕೆ ಪದ ಬರೆದುಕೊಳ್ಳಿ. ಯಾವಾಗ ಸಿಡಿಯುತ್ತದೆ, ಎಲ್ಲಿಟ್ಟಿದ್ದೀರಿ, ನೋಡಲು ಹೇಗಿದೆ, ಏಕೆ ಇಟ್ಟಿರಿ ಎಂದು ಕೇಳಿ. ವಾಯುಪಡೆಯಲ್ಲಿ ಇದಕ್ಕೆ ಎಎಫ್ ಫಾರಂ 440 ಇದೆ. ದನಿ, ಉಚ್ಚಾರ, ಹಿನ್ನೆಲೆಯ ಸದ್ದು (ರೈಲು, ಯಂತ್ರ, ಟಿವಿ) ಗುರುತಿಸಿಕೊಳ್ಳಿ. ಅವರು ಫೋನ್ ಇಟ್ಟರೂ ನೀವು ಇಡಬೇಡಿ, ಬೇರೆ ಫೋನಿನಿಂದ ಮೇಲಿನವರಿಗೆ ತಿಳಿಸಿ. ಅನುಮಾನದ ವಸ್ತುವಿನ ಹತ್ತಿರ ರೇಡಿಯೊ ಅಥವಾ ಮೊಬೈಲ್ ಬಳಸದಂತೆ ಸ್ಥಳದಲ್ಲಿರುವವರಿಗೆ ನೆನಪಿಸಿ.

ಅಣಕು ಕಾರ್ಯಾಚರಣೆಯ ದಿನ ನಿಜವಾದ ಕರೆ ಬಂದರೆ ಹೇಗೆ ಬೇರ್ಪಡಿಸುವುದು?

ಬೇಸ್‌ಗಳಲ್ಲಿ ಅಣಕು ದಾಳಿ, ಅಣಕು ಅಪಘಾತ ಆಗಾಗ ನಡೆಯುತ್ತವೆ. ಅದರ ಪ್ರತಿ ಸಂದೇಶವೂ "ಎಕ್ಸರ್‌ಸೈಜ್, ಎಕ್ಸರ್‌ಸೈಜ್, ಎಕ್ಸರ್‌ಸೈಜ್" ಎಂದು ಶುರುವಾಗಬೇಕು. ನಿಜವಾದದ್ದಕ್ಕೆ "ರಿಯಲ್ ವರ್ಲ್ಡ್" ಎನ್ನಬೇಕು. ಬಿಸಿಲಿನಲ್ಲಿ ಗಾಯಾಳುವಿನ ಪಾತ್ರ ಮಾಡುತ್ತ ಮಲಗಿದ್ದ ಸೈನಿಕನಿಗೆ ನಿಜವಾಗಿಯೇ ಮೂರ್ಛೆ ಬಂದರೆ, ಸುತ್ತಲಿನವರು ಅದೂ ಪಾತ್ರವೇ ಎಂದುಕೊಳ್ಳುವ ಅಪಾಯ ಇದೆ. ಕರೆ ಮಾಡಿದವರು ಎರಡರಲ್ಲಿ ಯಾವುದನ್ನೂ ಹೇಳದಿದ್ದರೆ ನಿಜವೆಂದೇ ಹಿಡಿದು ಗಾಡಿ ಕಳುಹಿಸಿ, ಕಳುಹಿಸುತ್ತಲೇ ಕೇಳಿ. ಎಲ್ಲ ಗಾಡಿಗಳನ್ನೂ ಅಣಕಿಗೆ ಕೊಟ್ಟುಬಿಡುವಂತಿಲ್ಲ. ನಿಜದ ಕರೆಗೆ ಮೀಸಲಿಟ್ಟ ಗಾಡಿ ಯಾವುದೆಂದು ಆರಂಭಕ್ಕೆ ಮುಂಚೆಯೇ ತಿಳಿದಿರಲಿ.

ಫೈರ್ ಅಲಾರಂ ಪರದೆಯಲ್ಲಿ ಬರುವ ಸಂಕೇತಗಳು ಯಾವುವು?

ಮೂರು ಬಗೆ. ಅಲಾರಂ ಎಂದರೆ ಹೊಗೆ, ಶಾಖ ಅಥವಾ ಯಾರೋ ಎಳೆದ ಹಿಡಿ: ಗಾಡಿ ಹೊರಡಬೇಕು. ಸೂಪರ್ವೈಸರಿ ಎಂದರೆ ಸ್ಪ್ರಿಂಕ್ಲರ್‌ನ ವಾಲ್ವ್ ಮುಚ್ಚಿದೆ ಎಂಬಂಥದ್ದು. ಟ್ರಬಲ್ ಎಂದರೆ ಕರೆಂಟ್, ಬ್ಯಾಟರಿ ಅಥವಾ ಸಂಪರ್ಕದ ದೋಷ. ನಡುರಾತ್ರಿ ಟ್ರಬಲ್ ಬಂದಾಗ ಗುಂಡಿ ಒತ್ತಿ ಸದ್ದು ನಿಲ್ಲಿಸಿ ಸುಮ್ಮನಾದರೆ, ಬೆಳಗಿನವರೆಗೆ ಆ ಕಟ್ಟಡಕ್ಕೆ ಕಾವಲೇ ಇಲ್ಲ. ಇನ್ನೊಂದು ಎಚ್ಚರ: ರಿಪೇರಿಯವರು ಕಟ್ಟಡವನ್ನು "ಟೆಸ್ಟ್"ಗೆ ಹಾಕಿಸಿ, ಕೆಲಸ ಮುಗಿದ ಮೇಲೆ ತಿಳಿಸದೆ ಹೋಗಿಬಿಡುತ್ತಾರೆ. ಟೆಸ್ಟ್‌ನಲ್ಲಿರುವ ಕಟ್ಟಡಗಳ ಪಟ್ಟಿಯನ್ನು ಪಾಳಿ ಬದಲಾಗುವಾಗ ಬಾಯಲ್ಲಿ ಓದಿ ಒಪ್ಪಿಸಬೇಕು.

ಕರೆ ಮಾಡಿ ಏನೂ ಮಾತಾಡದಿದ್ದರೆ?

ತಪ್ಪಿ ಒತ್ತಿದ್ದು ಎಂದು ಬಿಡುವಂತಿಲ್ಲ. ಹೌದಾದರೆ ಒಂದು ಗುಂಡಿ, ಅಲ್ಲವಾದರೆ ಎರಡು ಸಲ ಒತ್ತಲು ಹೇಳಿ. ಲೈನ್ ಕಡಿದಿದ್ದರೆ ತಿರುಗಿ ಕರೆ ಮಾಡಿ. ಯಾರೂ ಎತ್ತದಿದ್ದರೆ ಆ ಜಾಗಕ್ಕೆ ಗಸ್ತು ಕಳುಹಿಸಿ.

ಆತ್ಮಹತ್ಯೆಯ ಮಾತಾಡುವವರ ಕರೆಗಳು ಬರುತ್ತವೆಯೇ?

ಬರುತ್ತವೆ. ಶಾಂತವಾಗಿ, ನೇರವಾಗಿ ಕೇಳಬೇಕು: ಸಾಯುವ ಯೋಚನೆ ಇದೆಯೇ, ಹತ್ತಿರ ಬಂದೂಕು ಇದೆಯೇ, ಒಬ್ಬರೇ ಇದ್ದೀರಾ. ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಸಿಬ್ಬಂದಿ ಬಾಗಿಲಿಗೆ ಬರುವವರೆಗೆ ಲೈನಿನಲ್ಲಿರಿ. ಬಂದೂಕಿದ್ದರೆ ಬರುವವರಿಗೆ ಮುಂಚೆಯೇ ತಿಳಿಸಿ. ಅಮೆರಿಕದಲ್ಲಿ 2022ರ ಜುಲೈ 16ರಿಂದ 988 ಸಹಾಯವಾಣಿ ಇದೆ, ಸೈನಿಕರು ಮತ್ತು ಮಾಜಿ ಸೈನಿಕರು ಅದರಲ್ಲಿ 1 ಒತ್ತಬೇಕು. ಇದನ್ನು ಓದುತ್ತಿರುವ ನಿಮಗೇ ಅಂಥ ನೆರವು ಬೇಕಿದ್ದು ನೀವು ಭಾರತದಲ್ಲಿದ್ದರೆ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಇಂಥ ಕರೆಯ ಮುಂದಿನ ಕಥೆ ಡಿಸ್ಪ್ಯಾಚರ್‌ಗೆ ತಿಳಿಯದೆ ಹೋಗುವುದೇ ಹೆಚ್ಚು. ಮನಸ್ಸಿಗೆ ಭಾರವಾದರೆ ಮೇಜಿನಿಂದ ಹದಿನೈದು ನಿಮಿಷ ಏಳಲು ಬಿಡುವ ಮೇಲ್ವಿಚಾರಕರು, ಚಾಪ್ಲನ್ (ಸೇನೆಯ ಧರ್ಮಗುರು), ನೌಕರರ ಆಪ್ತಸಲಹೆ ಈ ಮೂರನ್ನೂ ನಾಚಿಕೊಳ್ಳದೆ ಬಳಸಬೇಕು.

ಈ ಕೆಲಸಕ್ಕೆ ಯಾರು ಸೇರಬಹುದು?

ಕೇಂದ್ರ ಸರ್ಕಾರದ ಹುದ್ದೆಯಾದ್ದರಿಂದ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಸಾಲದು. ಹುದ್ದೆಗಳು ಹೆಚ್ಚಾಗಿ 2151 ಎಂಬ ಡಿಸ್ಪ್ಯಾಚಿಂಗ್ ಶ್ರೇಣಿಯಲ್ಲಿ, ಕೇಂದ್ರ ನೌಕರರ ವೇತನ ಶ್ರೇಣಿಯಾದ ಜಿಎಸ್‌ನ 5ರಿಂದ 7ರ ಆಸುಪಾಸಿನಲ್ಲಿ ಇರುತ್ತವೆ. ಹಿನ್ನೆಲೆ ತನಿಖೆ ನಡೆಯುತ್ತದೆ. ಫೈರ್ ಕಡೆಯವರು ರಕ್ಷಣಾ ಇಲಾಖೆಯ ಟೆಲಿಕಮ್ಯುನಿಕೇಟರ್ 1 ಮತ್ತು 2 ಪ್ರಮಾಣಪತ್ರ ಪಡೆಯಬೇಕು. ಪೊಲೀಸ್ ಕಡೆಗೆ ಅಪರಾಧ ದಾಖಲೆಗಳ ಜಾಲ ಬಳಸುವ ಪರವಾನಗಿ ಬೇಕು. ಹಬ್ಬ, ಹಿಮ, ಚಂಡಮಾರುತ ಏನೇ ಇದ್ದರೂ ಪಾಳಿ ತಪ್ಪುವುದಿಲ್ಲ. ಬದಲಿಯವರು ಬಂದು ಕೂರುವವರೆಗೆ ಕುರ್ಚಿ ಬಿಟ್ಟು ಏಳುವಂತಿಲ್ಲ.

ಅಮೆರಿಕದ ಹೊರಗಿರುವ ಬೇಸ್‌ಗಳಲ್ಲಿ?

ಬೇಸ್ ಲ್ಯಾಂಡ್‌ಲೈನ್‌ನಿಂದ ಸಾಮಾನ್ಯವಾಗಿ 911 ನಡೆಯುತ್ತದೆ. ಮೊಬೈಲ್‌ನಲ್ಲಿ ಆ ದೇಶದ ನಂಬರ್‌ಗಳು: ಜರ್ಮನಿಯಲ್ಲಿ 112, ಜಪಾನಿನಲ್ಲಿ ಬೆಂಕಿ ಮತ್ತು ಆಂಬುಲೆನ್ಸ್‌ಗೆ 119, ಪೊಲೀಸ್‌ಗೆ 110. ಅಲ್ಲಿ ಕರೆ ಎತ್ತುವವರು ಆ ಭಾಷೆಯವರು. ಆದ್ದರಿಂದ ಬೇಸ್‌ನ ತುರ್ತು ಕೇಂದ್ರದ ಪೂರ್ತಿ ನಂಬರನ್ನು ಮೊಬೈಲ್‌ನಲ್ಲಿ ಉಳಿಸಿಕೊಳ್ಳಲು ಹೊಸದಾಗಿ ಬಂದವರಿಗೆ ಹೇಳುತ್ತಾರೆ.

ಕರ್ನಾಟಕದ ಸೇನಾ ಕ್ವಾರ್ಟರ್ಸ್‌ನಲ್ಲಿ ಇರುವವರಿಗೆ ಇದರಲ್ಲಿ ಬಳಕೆಗೆ ಬರುವುದು ಏನಾದರೂ ಇದೆಯೇ?

112ಕ್ಕೆ ಮಾಡಿದ ಕರೆ ರಾಜ್ಯದ ಕೇಂದ್ರಕ್ಕೆ ಹೋಗುತ್ತದೆ, ಸ್ಟೇಷನ್ ಒಳಗಿನ ಗಾರ್ಡ್ ರೂಮಿಗಲ್ಲ. ಯಲಹಂಕವಿರಲಿ, ಬೀದರ್ ಇರಲಿ, ಕಾರವಾರವಿರಲಿ, ಗಾರ್ಡ್ ರೂಮ್ ಮತ್ತು ಎಂಐ ರೂಮ್ (ಸ್ಟೇಷನ್‌ನ ವೈದ್ಯಕೀಯ ತಪಾಸಣಾ ಕೋಣೆ) ನಂಬರ್‌ಗಳನ್ನು ಫೋನಿನ ಪಕ್ಕ ಬರೆದಿಡಿ. ಹೊರಗಿನ ಆಂಬುಲೆನ್ಸ್ ಕರೆದರೆ ಯಾವ ಗೇಟಿಗೆ ಬರಬೇಕೆಂದು ಹೇಳಿ, ಗೇಟಿಗೂ ತಿಳಿಸಿ.

ಮಗನ ಬೇಸ್ ಮನೆಗೆ ಬಂದಿರುವ ಅಪ್ಪ-ಅಮ್ಮನಿಗೆ ಕನ್ನಡ ಮಾತ್ರ ಬರುತ್ತದೆ. 911ಕ್ಕೆ ಏನು ಹೇಳಬೇಕು?

ಅಮೆರಿಕದ 911 ಕೇಂದ್ರಗಳು ಫೋನಿನಲ್ಲೇ ದುಭಾಷಿಯನ್ನು ಸೇರಿಸಿಕೊಳ್ಳುತ್ತವೆ. ಆದರೆ ಯಾವ ಭಾಷೆ ಎಂದು ಡಿಸ್ಪ್ಯಾಚರ್‌ಗೆ ಗೊತ್ತಾಗಬೇಕು. "ಕನ್ನಡ" ಎಂದಷ್ಟೇ ಹೇಳಿದರೆ ಕೆನಡಾ ಎಂದು ಕೇಳಿಸಬಹುದು. "ಕನ್ನಡ, ಇಂಡಿಯಾ" ಎನ್ನಲು ಹೇಳಿಕೊಡಿ. ಜೊತೆಗೆ "ಫೈರ್", "ಆಂಬುಲೆನ್ಸ್", "ಪೊಲೀಸ್" ಇವುಗಳಲ್ಲಿ ಒಂದು ಮಾತು. ಬೇಸ್‌ನ ಹೆಸರು, ರಸ್ತೆ, ಮನೆ ಸಂಖ್ಯೆ, ಮಗನ ಫೋನ್ ನಂಬರ್ ಈ ನಾಲ್ಕನ್ನು ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಉಚ್ಚಾರದಂತೆ ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಅಂಕಿಗಳನ್ನು ಇಂಗ್ಲಿಷಿನಲ್ಲಿ ಒಂದೊಂದಾಗಿ ಓದುವುದನ್ನು ಎರಡು ಸಲ ಅಭ್ಯಾಸ ಮಾಡಿಸಿ. ದುಭಾಷಿ ಸೇರುವವರೆಗೆ ಲೈನ್ ಸ್ವಲ್ಪ ಹೊತ್ತು ನಿಶ್ಶಬ್ದವಾಗುತ್ತದೆ. ಆಗ ಫೋನ್ ಇಡಬಾರದೆಂದು ಮುಂಚೆಯೇ ತಿಳಿಸಿ. ಸಂಜೆಯಾಗಿದ್ದರೆ ಮನೆಯ ಹೊರಗಿನ ದೀಪ ಹಾಕಿ, ಮುಂಬಾಗಿಲಿನ ಚಿಲಕ ತೆಗೆದಿಡಲಿ.